ಎಸ್.ಪಿ. ರೋಡ್‌ನಲ್ಲಿ ಅಪ್ಪನ ಹಾರ್ಡ್ ಡಿಸ್ಕ್

ಬೆಂಗಳೂರಿನ ಎಸ್.ಪಿ. ರೋಡಿಗೆ ಯಾರೂ ಸುಮ್ಮಸುಮ್ಮನೆ ಹೋಗಲ್ಲ. ಮನೆಯಲ್ಲಿ ಏನೋ ಒಂದು ಕೆಟ್ಟಿರಬೇಕು, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಿದ್ದು ಕೂತುಕೊಳ್ಳದೆ ಕೈಕೊಟ್ಟಿರಬೇಕು. ನಾನು ಮೊದಲ ಸಲ ಹೋಗಿದ್ದು ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ, ಪ್ರಾಜೆಕ್ಟಿಗೆ ಸೆನ್ಸರ್ ತರೋಕೆ. ಆಮೇಲೆ ಎಷ್ಟು ಸಲ ಹೋದೆನೋ ಲೆಕ್ಕ ಇಲ್ಲ. ಅಪ್ಪನ ಜೊತೆ ಹೋಗಿದ್ದು ಮಾತ್ರ ಒಂದೇ ಸಲ, ಈ ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ.

ಅದಕ್ಕೆ ಕಾರಣ ಒಂದು ಫೋನ್ ಕಾಲ್. "ಕಂಪ್ಯೂಟರ್ ಒಳಗಿಂದ ಟಕ್ ಟಕ್ ಅಂತ ಸದ್ದು ಬರ್ತಿದೆ ಕಣೋ. ಎರಡು ದಿನ ಗೋಡೆ ಗಡಿಯಾರ ಅಂದ್ಕೊಂಡಿದ್ದೆ" ಅಂದರು ಅಪ್ಪ. ನನ್ನ ಎದೆ ಧಸಕ್ಕೆಂದಿತು. ತಕ್ಷಣ ಆಫ್ ಮಾಡಿ, ಮತ್ತೆ ಆನ್ ಮಾಡಲೇಬೇಡಿ ಅಂದೆ. ಹಾರ್ಡ್ ಡಿಸ್ಕ್ ಹಾಗೆ ಸದ್ದು ಮಾಡಿದರೆ ಅದರ ಆಯಸ್ಸು ಗಂಟೆಗಳ ಲೆಕ್ಕದಲ್ಲಿ ಇರಬಹುದು.

ಆ ಡಿಸ್ಕಿನಲ್ಲಿ ಇದ್ದದ್ದು ಸಿನಿಮಾ, ಫೋಟೋ ಅಲ್ಲ. ಅಪ್ಪ ತಿಪಟೂರಿನ ಹತ್ತಿರದ ಹೈಸ್ಕೂಲಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. 2013ರಲ್ಲಿ ನಿವೃತ್ತರಾದ ಮೇಲೆ ನಮ್ಮ ಕಡೆಯ ಮಾತುಗಳನ್ನೆಲ್ಲ ಒಂದೊಂದಾಗಿ ಟೈಪ್ ಮಾಡಿ ಇಡೋಕೆ ಶುರು ಮಾಡಿದ್ದರು. ಹೊಂಬಾಳೆ, ಕುರುಂಬೆ, ಸೋಗೆ, ಕರಟ... ತೋಟದ ಮಾತು, ಅಡುಗೆಮನೆ ಮಾತು, ಬೈಗುಳ ಕೂಡ. ಅಕ್ಷರಕ್ಕೊಂದು ಫೈಲು. 'ನಮ್ಮೂರ ಮಾತು' ಅಂತ ಫೋಲ್ಡರಿನ ಹೆಸರು. ಹನ್ನೆರಡು ವರ್ಷದ ಕೆಲಸ.

ಇನ್ನು ಈ ಕಥೆಯಲ್ಲಿ ನನ್ನ ಪಾತ್ರ. ಆ ಡೆಸ್ಕ್‌ಟಾಪ್ 2012ರದ್ದು. ವಿಂಡೋಸ್ 10ಕ್ಕೆ ಕಳೆದ ವರ್ಷ, ಅಂದರೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಅಷ್ಟು ಹಳೇ ಮಷೀನಿನಲ್ಲಿ ಅದು ಎಲ್ಲಿಂದ ಬರಬೇಕು? "ಲಿನಕ್ಸ್ ಹಾಕೋಣ, ಫ್ರೀ. ಹಳೇ ಗಾಡಿಯೂ ಓಡುತ್ತೆ" ಅಂತ ದೀಪಾವಳಿಗೆ ಊರಿಗೆ ಹೋದಾಗ ನಾನೇ ಭಾಷಣ ಮಾಡಿದೆ. ಒಂದು ಸಣ್ಣ ಎಸ್‌ಎಸ್‌ಡಿ ಸೇರಿಸಿ ಅದಕ್ಕೆ ಲಿನಕ್ಸ್ ಮಿಂಟ್ ಹಾಕಿದೆ. ಹಳೇ ಡಿಸ್ಕ್ ಫೈಲುಗಳ ಸಮೇತ ಒಳಗೇ ಇತ್ತು.

ಇನ್‌ಸ್ಟಾಲ್ ಆಗಿದ್ದು ಇಪ್ಪತ್ತೇ ನಿಮಿಷದಲ್ಲಿ. ಉಳಿದ ಹಬ್ಬವೆಲ್ಲ ವೈಫೈಗೆ ಹೋಯಿತು. ಆ ವೈಫೈ ಡಾಂಗಲ್ ಚುಚ್ಚಿದರೆ ಅದು ನಾನು ವೈಫೈ ಅನ್ನಲ್ಲ, ಮೊದಲು ನಾನೊಂದು ಸಿಡಿ ಡ್ರೈವ್ ಅನ್ನುತ್ತೆ. ಆ ಸಿಡಿಯಲ್ಲಿ ವಿಂಡೋಸಿನ ಡ್ರೈವರ್ ಇರುತ್ತೆ. ಲಿನಕ್ಸ್ ಡ್ರೈವರ್ ಬೇಕಾದರೆ ಇಂಟರ್‌ನೆಟ್‌ನಿಂದ ಇಳಿಸಬೇಕು. ಇಂಟರ್‌ನೆಟ್ ಬೇಕಾದರೆ ಡಾಂಗಲ್ ಕೆಲಸ ಮಾಡಬೇಕು. ಬಾವಿಯಲ್ಲಿ ಬಿದ್ದ ಕೊಡ ತೆಗೆಯೋಣ ಅಂದರೆ ಪಾತಾಳಗರಡಿಯೂ ಬಾವಿಯಲ್ಲೇ ಇದ್ದ ಹಾಗೆ. ಕೊನೆಗೆ ನನ್ನ ಫೋನನ್ನು ಕೇಬಲ್ಲಿನಲ್ಲಿ ಸಿಕ್ಕಿಸಿ, ಅದರ ನೆಟ್ ತೋರಿಸಿ ದಾರಿಗೆ ತಂದೆ. ಅಷ್ಟರಲ್ಲಿ ಸೌಂಡು ಸ್ಪೀಕರ್ ಬಿಟ್ಟು ಮಾನಿಟರ್ ಕಡೆ ಹೋಯಿತು. ಆ ಮಾನಿಟರಿಗೆ ಸ್ಪೀಕರೇ ಇಲ್ಲ! ಆದರೆ ಹಿಂದೆ ಡ್ರೈವರ್ ಸಿಡಿ ಹುಡುಕಿ ಸಾಕು ಮಾಡುತ್ತಿದ್ದ ಪ್ರಿಂಟರ್ ಮಾತ್ರ ಏನೂ ಕೇಳದೆ ತಾನಾಗೇ ಎದ್ದು ನಿಂತಿತು. ಲಿನಕ್ಸ್ ಬಳಸೋರಿಗೆ ಇದು ಗೊತ್ತು. ಅದು ಎಲ್ಲಿ ಕೈಕೊಡುತ್ತೆ, ಎಲ್ಲಿ ಕೈಹಿಡಿಯುತ್ತೆ ಅಂತ ಮೊದಲೇ ಹೇಳೋಕಾಗಲ್ಲ.

ಕೊನೆಗೆ ಕನ್ನಡ ಕೀಬೋರ್ಡ್ ಪಟ್ಟಿಯಲ್ಲಿ ಮೊದಲು ಕಂಡಿದ್ದನ್ನು ಟಿಕ್ ಮಾಡಿ, ಎಲ್ಲ ರೆಡಿ ಅಂತ ಬಸ್ ಹತ್ತಿದೆ. ಅಪ್ಪನ ಫೋಲ್ಡರನ್ನು ಇನ್ನೊಂದು ಕಡೆ ಕಾಪಿ ಮಾಡೋದು ಮುಂದಿನ ಸಲ ಅಂದುಕೊಂಡೆ. ಆಫೀಸಿನಲ್ಲಿ ಬ್ಯಾಕಪ್ ಇಲ್ಲದೆ ಒಂದು ಸಾಲು ಕೋಡ್ ಮುಟ್ಟದವನು ನಾನು.

ಶನಿವಾರ ಬೆಳಿಗ್ಗೆ ಅಪ್ಪ ಮೆಜೆಸ್ಟಿಕ್‌ನಲ್ಲಿ ರೈಲಿಂದ ಇಳಿದರು. ಪಕ್ಕದ ಮನೆ ಹುಡುಗನಿಂದ ಡಿಸ್ಕ್ ಬಿಚ್ಚಿಸಿ, ಪಂಚೆಯಲ್ಲಿ ಸುತ್ತಿ, ಬ್ಯಾಗನ್ನು ಮಗು ಎತ್ತಿಕೊಂಡ ಹಾಗೆ ಎದೆಗೆ ಅವಚಿಕೊಂಡಿದ್ದರು. ಮೆಟ್ರೋದ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ ದಾಟಿದರೆ ಕೆ.ಆರ್. ಮಾರ್ಕೆಟ್. ಅಲ್ಲಿಂದ ಹೂವು, ಹೊಗೆ, ಹಾರ್ನುಗಳ ಮಧ್ಯೆ ಟೌನ್‌ಹಾಲ್ ಕಡೆಗೆ ನಡೆದೆವು.

"ಎಸ್.ಪಿ. ಅಂದ್ರೆ ಪೊಲೀಸ್ ಎಸ್ಪಿಯೇನೋ?"

"ಇಲ್ಲಪ್ಪ, ಸಾದರ ಪತ್ರಪ್ಪ ರಸ್ತೆ."

"ಇಷ್ಟು ಒಳ್ಳೆ ಹೆಸರಿಟ್ಟುಕೊಂಡು ಎರಡಕ್ಷರದಲ್ಲಿ ಮುಗಿಸಿದ್ದಾರೆ" ಅಂತ ಅಪ್ಪನಿಗೆ ಬೇಜಾರಾಯಿತು.

ಎಸ್.ಪಿ. ರೋಡ್ ನೋಡದವರಿಗೆ ಹೇಳಬೇಕು. ಅದು ಅಗಲ ಕಿರಿದಾದ ರಸ್ತೆ. ಎರಡೂ ಕಡೆ ಅಂಗಡಿ, ಅಂಗಡಿಯ ಮೇಲೆ ಅಂಗಡಿ, ಎರಡು ಅಂಗಡಿ ನಡುವಿನ ಸಂದಿಯಲ್ಲಿ ಮತ್ತೊಂದು. ಬಾಗಿಲಿಗೆ ಕೇಬಲ್ಲುಗಳನ್ನು ಮಾರ್ಕೆಟ್ಟಿನ ಹೂವಿನ ಹಾರದ ಹಾಗೇ ನೇತು ಹಾಕಿರುತ್ತಾರೆ. ಒಂದು ಕಡೆ ಹೊಸ ಗ್ರಾಫಿಕ್ಸ್ ಕಾರ್ಡು, ಎದುರುಗಡೆ ಹತ್ತು ವರ್ಷ ಹಳೇ ಮದರ್‌ಬೋರ್ಡುಗಳ ರಾಶಿ. ಕನ್ನಡ, ಹಿಂದಿ, ತಮಿಳು, ಉರ್ದು ನಾಲ್ಕೂ ಒಂದೇ ವ್ಯಾಪಾರದಲ್ಲಿ ಬಂದು ಹೋಗುತ್ತವೆ. ನಡುವೆ ಸ್ಕೂಟರಿನ ಹಿಂದೆ ಮೂರು ಸಿಪಿಯು ಕಟ್ಟಿಕೊಂಡವನು "ಸೈಡ್ ಸೈಡ್" ಅಂತಾನೆ. ಅಪ್ಪ ಸೈಡಿಗೆ ಹೋಗೋದು ಬಿಟ್ಟು ಬೋರ್ಡುಗಳ ಕಾಗುಣಿತ ತಿದ್ದುತ್ತಾ ನಿಂತರು. "ಲ್ಯಾಪ್‌ಟಾಪ್ ಅನ್ನೋದನ್ನ ಐದು ಥರ ಬರೆದಿದ್ದಾರೆ ನೋಡು. ಒಂದು ಸರಿಯಿದೆ."

ಮೊದಲು ಗಾಜಿನ ಬಾಗಿಲಿನ ಅಂಗಡಿಗೆ ಹೋದೆವು. ಅವರು ಡಿಸ್ಕ್ ಕೈಗೂ ತಗೊಳ್ಳದೆ, ಹದಿನೆಂಟು ಸಾವಿರ, ಗ್ಯಾರಂಟಿ ಇಲ್ಲ ಅಂದರು. ಅಪ್ಪ ನನ್ನ ಮುಖ ನೋಡಿದರು. ನಾನು ಮೆಟ್ಟಿಲು ನೋಡಿದೆ.

ಎರಡನೆಯದು ಮಹಡಿ ಮೇಲೆ, ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕಾದಷ್ಟು ಜಾಗ. ಐವತ್ತು ದಾಟಿದ ಒಬ್ಬರು ಕನ್ನಡಕ ಹಣೆಗೇರಿಸಿ ಕೂತಿದ್ದರು. ಎಷ್ಟು ಜಿಬಿ, ಯಾವ ಕಂಪನಿ ಅಂತ ಕೇಳಲಿಲ್ಲ. ಅಪ್ಪನ ಕಡೆ ತಿರುಗಿ, "ಏನಿದೆ ಯಜಮಾನ್ರೆ ಇದ್ರಲ್ಲಿ?" ಅಂದರು.

"ಮಾತು" ಅಂದರು ಅಪ್ಪ. ಆಮೇಲೆ ವಿವರಿಸಿದರು. ಆತ ಪೂರ್ತಿ ಕೇಳಿ, ಡಿಸ್ಕನ್ನು ಕಿವಿ ಹತ್ತಿರ ಹಿಡಿದು ಮೆಲ್ಲಗೆ ವಾಲಿಸಿದರು. ಅಪ್ಪ ಸುಮ್ಮನಿರಬೇಕಲ್ಲ? "ನಮ್ಮ ಕಡೆ ಕಾಯಿನ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಬಿಟ್ಟಿರ್ತೀವಿ. ಒಳಗೆ ಕೊಬ್ಬರಿ ಬಿಟ್ಟುಕೊಂಡ್ರೆ ಅಲ್ಲಾಡಿಸಿದಾಗ ಲೊಡ ಲೊಡ ಅನ್ನುತ್ತೆ. ಅದು ಒಳ್ಳೆ ಲಕ್ಷಣ. ಇದು ಟಕ್ ಟಕ್ ಅನ್ನುತ್ತೆ."

"ಇದು ಕೆಟ್ಟ ಲಕ್ಷಣ" ಅಂತ ಆತ ನಕ್ಕರು.

ಆಮೇಲೆ ಒಂದು ಸವೆದ ಪೆನ್‌ಡ್ರೈವ್ ತೆಗೆದು ತಮ್ಮ ಕಂಪ್ಯೂಟರಿಗೆ ಚುಚ್ಚಿ ಬೂಟ್ ಮಾಡಿದರು. ಕಪ್ಪು ಪರದೆ ಮೇಲೆ ಬಿಳಿ ಅಕ್ಷರಗಳು ಸಾಲುಗಟ್ಟಿ ಓಡಿದವು. ಲಿನಕ್ಸ್! ನನಗೆ ಪರಊರಲ್ಲಿ ನೆಂಟರು ಸಿಕ್ಕಷ್ಟು ಸಂತೋಷ. ಯಾವ ಡಿಸ್ಟ್ರೋ, ಎಷ್ಟು ವರ್ಷದಿಂದ ಅಂತ ಒಂದೇ ಉಸಿರಲ್ಲಿ ಕೇಳಿದೆ.

"ನನಗೆ ಲಿನಕ್ಸ್ ಗೊತ್ತಿಲ್ಲ ಸಾರ್. ಈ ಪೆನ್‌ಡ್ರೈವ್ ಗೊತ್ತು."

ಅವರು ಓಡಿಸಿದ್ದು ಡಿಡಿರೆಸ್ಕ್ಯೂ ಅನ್ನೋ ಪ್ರೋಗ್ರಾಂ. ಸಾಯುತ್ತಿರುವ ಡಿಸ್ಕನ್ನು ಮಾಮೂಲಿ ಥರ ಕಾಪಿ ಮಾಡಿದರೆ ಕೆಟ್ಟ ಜಾಗದಲ್ಲಿ ಸಿಕ್ಕಿಕೊಂಡು ಅಲ್ಲೇ ಕೊರೆಯುತ್ತಾ ಕೂರುತ್ತೆ. ಇದು ಹಾಗಲ್ಲ. ಸುಲಭವಾಗಿ ಓದೋಕೆ ಬರೋದನ್ನೆಲ್ಲ ಮೊದಲು ಇನ್ನೊಂದು ಡಿಸ್ಕಿಗೆ ಎತ್ತಿಕೊಳ್ಳುತ್ತೆ, ಕಷ್ಟದ ಜಾಗ ಗುರುತು ಹಾಕಿಟ್ಟುಕೊಂಡು ಮುಂದೆ ಹೋಗುತ್ತೆ, ಆಮೇಲೆ ಬಂದು ಮತ್ತೆ ಪ್ರಯತ್ನ ಮಾಡುತ್ತೆ. ಮಾವಿನಮರದಲ್ಲಿ ಕೈಗೆ ಸಿಗೋ ಕಾಯಿ ಮೊದಲು, ತುದಿಯದ್ದು ಆಮೇಲೆ.

"ನಾಲ್ಕು ಗಂಟೆ ಹೊತ್ತು ಬೇಕು. ಊಟ ಮಾಡ್ಕೊಂಡು ಬನ್ನಿ."

ಅವೆನ್ಯೂ ರಸ್ತೆ ಕಡೆ ಹೊರಟೆವು. ಪೇಟೆಯ ಈ ಭಾಗದಲ್ಲಿ ಎರಡು ಬೀದಿ ದಾಟಿದರೆ ವ್ಯಾಪಾರವೇ ಬದಲಾಗುತ್ತೆ. ಅಲ್ಲಿ ಚಿಪ್ಪು, ಇಲ್ಲಿ ಕಾಗದ. ಹಳೇ ಪುಸ್ತಕ, ಗೈಡು, ಲಗ್ನಪತ್ರಿಕೆ, ಲೆಕ್ಕದ ಪುಸ್ತಕ. ಅನ್ನ ಸಾರು ಉಂಡು ಬಂದ ಅಪ್ಪ ಒಂದು ಅಂಗಡಿ ಮುಂದೆ ನಿಂತು ಇನ್ನೂರು ಪುಟದ ಆರು ನೋಟ್‌ಬುಕ್ ಕೊಂಡರು.

"ಇಷ್ಟೊಂದು ಯಾಕಪ್ಪ?"

"ಬರೆಯೋಕೆ."

ಆಗ ಗೊತ್ತಾಯಿತು. ದೀಪಾವಳಿಯಿಂದ ಈಚೆಗೆ ಅಪ್ಪ ಕಂಪ್ಯೂಟರಿನಲ್ಲಿ ಒಂದು ಪದವನ್ನೂ ಟೈಪ್ ಮಾಡಿರಲಿಲ್ಲ. ಅವರು ಕಲಿತದ್ದು ನುಡಿಯಲ್ಲಿರುವ ಕಗಪ ಕೀಲಿಮಣೆ, ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ಕಟ್ಟಿದ್ದು. ಅದರಲ್ಲಿ ಎನ್ ಒತ್ತಿದರೆ ನ, ಎಂ ಒತ್ತಿದರೆ ಮ. ನಾನು ಟಿಕ್ ಮಾಡಿ ಬಂದದ್ದು ಇನ್‌ಸ್ಕ್ರಿಪ್ಟ್. ಭಾರತದ ಭಾಷೆಗಳಿಗೆಲ್ಲ ಒಂದೇ ಜೋಡಣೆ ಇರಲಿ ಅಂತ ಮಾಡಿದ್ದು ಅದು, ಅದರಲ್ಲಿ ಎನ್ ಅಂದರೆ ಲ, ಎಂ ಅಂದರೆ ಸ.

"'ನಮ್ಮ' ಅಂತ ಒತ್ತಿದ್ರೆ 'ಲಸಿಸ' ಅಂತ ಬರ್ತಿತ್ತು ಕಣೋ. ಒಂದು ವಾರ ನೋಡಿದೆ. 'ನಮ್ಮೂರು' ಅಂತ ಬರೆಯೋಕಾಗದ ಮೇಲೆ ಇನ್ನೇನು ಬರೆಯೋದು?"

"ಹೇಳಬಾರದಿತ್ತಾ?"

"ನೀನು ಹಬ್ಬದೂಟ ಬಿಟ್ಟು ಹಾಕಿಕೊಟ್ಟಿದ್ದೆ. ಫ್ರೀ ಬೇರೆ ಅಂದೆ. ಹೆಂಗೆ ಹೇಳೋದು?"

ಮಿಂಟ್‌ನಲ್ಲಿ ಕಗಪ ಇದೆ. ನಾನು ಟಿಕ್ ಮಾಡಿದ ಪಟ್ಟಿಯಲ್ಲೇ ಇದೆ. ಅಪ್ಪ ಬರೆಯೋದು ಯಾವುದರಲ್ಲಿ ಅಂತ ಒಂದು ಮಾತು ಕೇಳಿದ್ದರೆ ಒಂದೇ ಕ್ಲಿಕ್ಕಿನ ಕೆಲಸ. ಮಹಡಿ ಮೇಲಿನ ಅಂಗಡಿಯವರು ಮೊದಲ ನಿಮಿಷದಲ್ಲೇ ಏನಿದೆ ಅಂತ ಕೇಳಿದ್ದು ನೆನಪಾಗಿ ಸುಮ್ಮನೆ ನಡೆದೆ. ಡಾಂಗಲ್ ಜೊತೆ ಗುದ್ದಾಡಿದ ಅಷ್ಟು ಹೊತ್ತು ನಾನು ಗೆಲ್ಲುತ್ತಿದ್ದೆ. ಅಪ್ಪ ಬರೆಯೋದನ್ನು ನಿಲ್ಲಿಸುತ್ತಿದ್ದರು.

ನಾಲ್ಕು ಗಂಟೆಗೆ ವಾಪಸ್ ಹೋದಾಗ ಕೆಲಸ ಮುಗಿದಿತ್ತು. "ಬಹಳಷ್ಟು ಬಂದಿದೆ" ಅಂತ ಅಂಗಡಿಯವರು 'ನಮ್ಮೂರ ಮಾತು' ತೆರೆದು 'ಹ' ಫೈಲ್ ಒತ್ತಿದರು. ಪರದೆ ತುಂಬ ಇಂಗ್ಲಿಷ್ ಅಕ್ಷರಗಳು, ತಲೆ ಮೇಲೆ ಟೋಪಿ, ಕೊಂಬು, ಚುಕ್ಕಿ ಇಟ್ಟುಕೊಂಡು ಕುಣಿಯುತ್ತಿದ್ದವು. ಅಪ್ಪನ ಮುಖ ಇಳಿದು ಹೋಯಿತು. "ಹೋಯ್ತು ಬಿಡು" ಅಂದರು.

ಹೋಗಿರಲಿಲ್ಲ. ಹಳೇ ನುಡಿ, ಬರಹದ ಕಾಲದ ಫೈಲುಗಳ ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಫಾಂಟ್ ಅನ್ನೋ ವೇಷ ಹಾಕಿದಾಗ ಅದು ಕನ್ನಡವಾಗಿ ಕಾಣುತ್ತೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿ ಬೀಳುತ್ತೆ. ಕನ್ನಡಕ್ಕೆ ಅದರದೇ ಸಂಕೇತ ಕೊಟ್ಟಿದ್ದು ಯೂನಿಕೋಡ್, 1991ರ ಅಕ್ಟೋಬರಿನ ಮೊದಲ ಆವೃತ್ತಿಯಲ್ಲೇ. ಅದೇ ವರ್ಷ ಆಗಸ್ಟ್ 25ರಂದು ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನೊಂದು ಆಪರೇಟಿಂಗ್ ಸಿಸ್ಟಂ ಮಾಡ್ತಿದ್ದೀನಿ, ಹವ್ಯಾಸಕ್ಕೆ ಅಷ್ಟೇ ಅಂತ ಜಗತ್ತಿಗೆ ತಿಳಿಸಿದ್ದು. ಎರಡೂ ಒಂದೇ ವಯಸ್ಸಿನವು. ಅಪ್ಪನ ಫೈಲಿನಲ್ಲಿ ಭೇಟಿಯಾಗೋಕೆ ಇಷ್ಟು ವರ್ಷ ಬೇಕಾಯಿತು.

ಹಳೇ ಫೈಲನ್ನು ಯೂನಿಕೋಡಿಗೆ ಬದಲಾಯಿಸೋ ಪರಿವರ್ತಕಗಳನ್ನು ಕನ್ನಡದವರೇ ಬರೆದು ಉಚಿತವಾಗಿ ಬಿಟ್ಟಿದ್ದಾರೆ. ಅಲ್ಲೇ ಸ್ಟೂಲಿನ ಮೇಲೆ ಕೂತು ನನ್ನ ಲ್ಯಾಪ್‌ಟಾಪಿನಲ್ಲಿ 'ಹ' ಹಾಕಿ ಒತ್ತಿದೆ. ಟೋಪಿಗಳೆಲ್ಲ ಬಿದ್ದು ಮೊದಲ ಪುಟದಲ್ಲೇ 'ಹೊಂಬಾಳೆ' ಕಾಣಿಸಿತು. ಅಪ್ಪನ ಫೋನಿಗೆ ಕಳಿಸಿದೆ, ಅಲ್ಲೂ ಕಾಣಿಸಿತು. ಕೆಲವು ಕಡೆ ಅರ್ಕಾವತ್ತು ಜಾಗ ತಪ್ಪಿ ಕೂತಿತ್ತು. "ಇದನ್ನೆಲ್ಲ ತಿದ್ದಬೇಕಲ್ಲೋ" ಅಂದ ಅಪ್ಪನ ದನಿಯಲ್ಲಿ ಬೇಜಾರು ಒಂಚೂರೂ ಇರಲಿಲ್ಲ. ಮೇಷ್ಟ್ರಿಗೆ ತಪ್ಪು ಸಿಕ್ಕಿತ್ತು.

ಒಂದು ಫೈಲ್ ಮಾತ್ರ ಬರಲೇ ಇಲ್ಲ. 'ಸ'. ಕೆಟ್ಟ ಜಾಗ ಸರಿಯಾಗಿ ಅಲ್ಲೇ ಬಿದ್ದಿತ್ತು. ಅಂಗಡಿಯವರು ಇನ್ನೊಂದು ಸಲ ಓಡಿಸಿದರೂ ಆಗಲಿಲ್ಲ. ನಾನು ತಲೆ ತಗ್ಗಿಸಿ ಕೂತೆ. ಆ ಒಂದು ಫೈಲಿಗೆ ನಾನೇ ಹೊಣೆ, ದೀಪಾವಳಿಯಲ್ಲಿ ಎರಡು ನಿಮಿಷ ಕೊಟ್ಟಿದ್ದರೆ ಸಾಕಿತ್ತು.

ಅಪ್ಪ ಬೆನ್ನು ತಟ್ಟಿದರು. "'ಸ' ತಾನೆ? ಎಂ ಒತ್ತಿದ್ರೆ ಬರುತ್ತಲ್ಲ ಬಿಡು."

ಅಂಗಡಿಯವರು ಡಿಸ್ಕಿನ ದುಡ್ಡು ಬಿಟ್ಟು ತಮ್ಮ ಕೆಲಸಕ್ಕೆ ತಗೊಂಡಿದ್ದು ಎಂಟುನೂರು. ನಿಮ್ಮ ಮನೆಯ ಹಳೇ ಕಂಪ್ಯೂಟರಿನಲ್ಲಿ ಅಪ್ಪ ಅಮ್ಮ ಟೈಪ್ ಮಾಡಿಟ್ಟಿದ್ದು ಏನಾದರೂ ಇದ್ದರೆ ಈ ವಾರವೇ ಕಾಪಿ ಮಾಡಿ. ಸದ್ದು ಬಂದಿದ್ದರೆ ಮೊದಲು ಆಫ್ ಮಾಡಿ. ಎಸ್.ಪಿ. ರೋಡಿಗೆ ಹೋಗೋದಾದರೆ ಭಾನುವಾರ ಬೇಡ, ಹೆಚ್ಚಿನ ಅಂಗಡಿ ಮುಚ್ಚಿರುತ್ತೆ.

ಮುಂದಿನ ಶನಿವಾರ ತಿಪಟೂರಿಗೆ ಹೋಗಿ ಕಗಪ ಟಿಕ್ ಮಾಡಿದೆ. ಲಿನಕ್ಸ್ ತೆಗೆದು ಬೇರೆ ಹಾಕಲಾ ಅಂತ ಈ ಸಲ ಮೊದಲೇ ಕೇಳಿದೆ. "ಬೇಡ, ಅದರ ಪೆನ್‌ಡ್ರೈವ್ ಒಳ್ಳೇದು" ಅಂದರು. ಎರಡು ಕಾಪಿ ಮಾಡಿದೆ. ಒಂದು ನನ್ನ ಹತ್ತಿರ ಇದೆ. ಇನ್ನೊಂದನ್ನು ಅಪ್ಪ ಕಾಯಿಗಳ ಪಕ್ಕ ಅಟ್ಟದ ಮೇಲೆ ಇಟ್ಟಿದ್ದಾರೆ. ಈಗ ಅವರು ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಮತ್ತೆ ಟೈಪ್ ಮಾಡುತ್ತಿದ್ದಾರೆ. 'ಸ'ದಿಂದ ಶುರು ಮಾಡಿದ್ದಾರೆ, ಮೊದಲ ಪದ ಸೋಗೆ.