ಒಂದು ಕಣ್ಣಿಗೆ ಬೆಣ್ಣೆ

ನಮ್ಮ ಆನೆಕೊಂಡದ ಹಳಬರು ಇಂದಿಗೂ ಹತ್ತಿ ಗಿರಣಿಗಳ ಕಾಲವನ್ನು ನೆನೆಯುತ್ತಾರೆ. ದಾವಣಗೆರೆಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಹೆಸರು ತಂದವು ಅವೇ. 1974ರಲ್ಲಿ ಕೇಂದ್ರ ಸರ್ಕಾರ ನಷ್ಟದಲ್ಲಿದ್ದ 103 ಗಿರಣಿಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ತೋಳಹುಣಸೆಯ ಯಲ್ಲಮ್ಮ ಮಿಲ್ಲೂ ಅದರಲ್ಲಿತ್ತು. ಆದರೂ ಆ ಮಿಲ್ಲು ಕೊನೆಗೆ ಉಳಿಯಲಿಲ್ಲ.

ದೊಡ್ಡ ಕಂಪನಿಗಳ ಕೈಹಿಡಿಯುವ ಕೆಲಸ ಮಾತ್ರ ನಿಂತಿಲ್ಲ. 2023ರಲ್ಲಿ ವೊಡಾಫೋನ್ ಐಡಿಯಾ ಕೊಡಬೇಕಿದ್ದ 16,133 ಕೋಟಿ ರೂಪಾಯಿಗೆ ಬದಲಾಗಿ ಸರ್ಕಾರ ಷೇರು ಪಡೆಯಿತು. ಮಂಡಕ್ಕಿ ಭಟ್ಟಿಯ ಹೆಂಗಸು ಸಾಲದ ಕಂತು ತಪ್ಪಿಸಿದರೆ ಷೇರು ಕೇಳುವವರುಂಟೇ? ಸಂಜೆಯೊಳಗೆ ಮನೆಬಾಗಿಲಿಗೆ ಬರುತ್ತಾರೆ, ಅಷ್ಟೆ.

ಮುಳುಗುವವರನ್ನು ಎತ್ತಬೇಡಿ ಎನ್ನಲಾರೆ. ಆದರೆ ಎತ್ತುವ ಹಣದಲ್ಲಿ ನಾವು ಕೊಳ್ಳುವ ಸೋಪಿನ ತೆರಿಗೆಯೂ ಸೇರಿದೆ. ಉಳಿದದ್ದು ಕಂಪನಿಯೋ, ದುಡಿದವರ ಒಲೆಯೋ ಎಂಬ ಲೆಕ್ಕವನ್ನು ನಾವು ಕೇಳಲೇಬೇಕು.