ಕೈಬದಲಾದ ಕೋವಿ

ಒಬ್ಬರು ಬಳಸಿದ ಪದಾರ್ಥವನ್ನು ಮತ್ತೊಬ್ಬರು ಕೊಳ್ಳುವುದು ಲೋಕದಲ್ಲಿ ಹೊಸತಲ್ಲ. ಹಳೆಯ ತೊಟ್ಟಿಲು, ಹಳೆಯ ಗಡಿಯಾರ, ಹಳೆಯ ಪುಸ್ತಕ, ಇವೆಲ್ಲ ಬೆಲೆ ಕುದುರಿದೊಡನೆ ಕೈಬದಲಾಗುತ್ತವೆ. ಕೊಳ್ಳುವವನು ಪದಾರ್ಥವನ್ನು ಪರೀಕ್ಷಿಸುವನೇ ಹೊರತು ಅವನನ್ನು ಯಾರೂ ಪರೀಕ್ಷಿಸುವುದಿಲ್ಲ. ಆಯುಧದ ಮಾತು ಬೇರೆ. ಅಲ್ಲಿ ಪದಾರ್ಥದ ಗುಣಕ್ಕಿಂತ ಅದನ್ನು ಹಿಡಿಯುವ ಕೈಯ ಗುಣವೇ ಮುಖ್ಯವಾದುದು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪೈಕಿ ಕಟ್ಟುನಿಟ್ಟಾದ ಕಾನೂನಿಗೆ ಹೆಸರಾದ ಕ್ಯಾಲಿಫೋರ್ನಿಯಾದಲ್ಲಿ ಹಳೆಯ ರೈಫಲೊಂದನ್ನು ಕೊಳ್ಳಹೊರಟವನಿಗೆ ಈ ಭೇದವು ಚೆನ್ನಾಗಿ ಮನವರಿಕೆಯಾಗುವುದು.

ಆ ಸಂಸ್ಥಾನದ ಒಂದು ಪಟ್ಟಣದಲ್ಲಿ ಇಬ್ಬರು ನೆರೆಹೊರೆಯವರನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಒಬ್ಬಾಕೆ ಪತಿಯನ್ನು ಕಳೆದುಕೊಂಡ ವೃದ್ಧೆ. ಮನೆಯನ್ನು ತೆರವು ಮಾಡಿ ಮಗನ ಊರಿಗೆ ಹೊರಟವಳು. ಪತಿಯು ಎಣ್ಣೆಯೊರಸಿ ಕಾಪಾಡಿದ ರೈಫಲನ್ನು ಗುರುತಿಲ್ಲದವರಿಗೆ ಕೊಡಲು ಆಕೆಗೆ ಮನಸ್ಸಿಲ್ಲ. ಪಕ್ಕದ ಮನೆಯ ಗೃಹಸ್ಥನು ಮೂವತ್ತು ವರ್ಷಗಳ ಪರಿಚಿತ, ಸತ್ಯವಂತ, ಇತಿಹಾಸಪ್ರಿಯ. ಹಣವನ್ನು ಕೊಟ್ಟು, ಬೇಲಿಯ ಮೇಲಿನಿಂದ ಕೋವಿಯನ್ನು ಈಚೆಗೆ ತೆಗೆದುಕೊಂಡರೆ ವ್ಯವಹಾರ ಮುಗಿಯಿತಲ್ಲವೆ ಎಂದು ಅವರಿಗೆ ತೋರುವುದು ಸಹಜವೇ. ಕಾನೂನು ಅದಕ್ಕೆ ಒಪ್ಪುವುದಿಲ್ಲ.

ಕೋವಿಯಾದರೋ ಸಾಮಾನ್ಯವಾದುದಲ್ಲ. ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ಜಾನ್ ಗ್ಯಾರಂಡ್ ಎಂಬಾತನು ರಚಿಸಿದ ಎಂ-1 ರೈಫಲ್ ಅದು. 1936ರಲ್ಲಿ ಅಮೆರಿಕದ ಸೇನೆಯು ಅದನ್ನು ಅಂಗೀಕರಿಸಿತು. ಎರಡನೆಯ ಮಹಾಯುದ್ಧದಲ್ಲಿಯೂ ಕೊರಿಯಾದಲ್ಲಿಯೂ ಸಿಪಾಯಿಗಳು ಅದನ್ನು ಹಿಡಿದು ಕಾದಿದರು. ಅಂಥವು 50 ಲಕ್ಷಕ್ಕೂ ಮಿಕ್ಕಿ ತಯಾರಾದವು. ಅದು ಅರೆ-ಸ್ವಯಂಚಾಲಿತವಾದುದು: ಟ್ರಿಗರನ್ನು ಒಮ್ಮೆ ಎಳೆದರೆ ಹಾರುವುದು ಒಂದೇ ಗುಂಡು, ಆದರೆ ಖಾಲಿ ತೋಟೆಯನ್ನು ಹೊರಗೆಸೆದು ಮುಂದಿನದನ್ನು ಸ್ಥಾನಕ್ಕೆ ತರುವ ಕೆಲಸವನ್ನು, ಸಿಡಿದ ಮದ್ದಿನ ಅನಿಲದ ಒತ್ತಡದಿಂದ, ಕೋವಿಯೇ ಮಾಡಿಕೊಳ್ಳುವುದು.

ಈ ಜಾತಿಯ ಕೋವಿಗಳ ವಿಷಯದಲ್ಲಿ ಸಂಸ್ಥಾನವು ಎಚ್ಚೆತ್ತುದಕ್ಕೆ ದುಃಖಕರವಾದ ಕಾರಣವುಂಟು. 1989ರ ಜನವರಿ 17ರಂದು ಸ್ಟಾಕ್‌ಟನ್ ಪಟ್ಟಣದ ಪ್ರಾಥಮಿಕ ಶಾಲೆಯೊಂದರ ಆಟದ ಬಯಲಿನಲ್ಲಿ ಒಬ್ಬನು ಅರೆ-ಸ್ವಯಂಚಾಲಿತ ರೈಫಲಿನಿಂದ ಗುಂಡು ಹಾರಿಸಿ 5 ಮಕ್ಕಳನ್ನು ಕೊಂದನು. ಅದೇ ವರ್ಷ ರಾಬರ್ಟಿ-ರೂಸ್ ಶಾಸನವು ಹುಟ್ಟಿತು. ಮೊದಲು ಕೋವಿಗಳನ್ನು ಹೆಸರು ಹಿಡಿದು ನಿಷೇಧಿಸಿದರು. ಹೆಸರು ಬದಲಿಸಿ ಮಾರುವವರು ಹೆಚ್ಚಲು, 2000ದಿಂದ ಲಕ್ಷಣಗಳನ್ನೂ ವಿಧಿಸಿದರು. ತೋಟೆಯ ಪೆಟ್ಟಿಗೆ ಕಳಚಿ ಬರುವಂತಿದ್ದು, ಪಿಸ್ತೂಲಿನಂಥ ಹಿಡಿಯೋ ಮಡಚುವ ಬುಡವೋ ಇದ್ದರೆ ಅದು ನಿಷಿದ್ಧ. ಇದಕ್ಕೆ ಪ್ರತಿಯಾಗಿ ವ್ಯಾಪಾರಿಗಳು ಹಿಡಿಯನ್ನು ಮೀನಿನ ರೆಕ್ಕೆಯಂತೆ ಮಾಡಿ ಅಕ್ಷರಕ್ಕೆ ತಪ್ಪದಂತೆ ಮಾರುತ್ತಾರೆ. ಗ್ಯಾರಂಡಿನ ಪೆಟ್ಟಿಗೆಯು ಕಳಚತಕ್ಕದ್ದಲ್ಲ. ಅದರಲ್ಲಿ ಹಿಡಿಸುವುವು 8 ತೋಟೆಗಳು ಮಾತ್ರ. ಆದುದರಿಂದ ವೃದ್ಧೆಯು ಅದನ್ನು ಮಾರಬಹುದು.

ಮಾರುವ ದಾರಿ ಮಾತ್ರ ನೇರವಲ್ಲ. ಇಬ್ಬರೂ ಪರವಾನೆಯುಳ್ಳ ಅಂಗಡಿಗೆ ಹೋಗಬೇಕು. ಕೊಳ್ಳುವವನು 30 ಪ್ರಶ್ನೆಗಳ ಪರೀಕ್ಷೆಗೆ ಕುಳಿತು ನೂರಕ್ಕೆ 75ರಂತೆ ಸರಿಯುತ್ತರ ಕೊಟ್ಟು ಯೋಗ್ಯತಾಪತ್ರವನ್ನು ಪಡೆಯಬೇಕು. ಕೋವಿಯನ್ನು ಅಪಾಯವಿಲ್ಲದೆ ಹಿಡಿಯುವ ಕ್ರಮವನ್ನು ಮಾಡಿ ತೋರಿಸಬೇಕು. ಅವನು ಅಪರಾಧಿಯೆ, ಮನೆಯವರನ್ನು ಹಿಂಸಿಸಿ ಶಿಕ್ಷೆ ಹೊಂದಿದವನೆ, ಮನೋವ್ಯಾಧಿಯ ಕಾರಣದಿಂದ ನಿರ್ಬಂಧಕ್ಕೊಳಗಾದವನೆ ಎಂಬುದನ್ನು ಸಂಸ್ಥಾನದ ನ್ಯಾಯ ಇಲಾಖೆಯು ಶೋಧಿಸುವುದು. ಕೋವಿಯು 10 ದಿನ ಅಂಗಡಿಯಲ್ಲಿಯೇ ಇರತಕ್ಕದ್ದು. ಈ ಕಾಯುವಿಕೆಗೂ ಒಂದು ಚರಿತ್ರೆಯುಂಟು. ಕೈಬಂದೂಕಿಗೆ 1923ರಲ್ಲಿ 1 ದಿನವಿದ್ದುದು 1955ರಲ್ಲಿ 3, 1965ರಲ್ಲಿ 5, 1975ರಲ್ಲಿ 15 ಆಯಿತು. 1991ರಿಂದ ರೈಫಲುಗಳಿಗೂ ಅನ್ವಯಿಸಿತು. 1997ರಲ್ಲಿ 10ಕ್ಕೆ ಇಳಿಯಿತು.

ಆಯುಧವನ್ನು ಹೊಂದುವ ಹಕ್ಕು 1791ರಿಂದ ತಮ್ಮ ರಾಜ್ಯಾಂಗದಲ್ಲಿಯೇ ಇರುವಾಗ ಈ ತಡೆಗಳೇಕೆ ಎಂದು ಅಲ್ಲಿ ಅನೇಕರು ಕೇಳುತ್ತಾರೆ. ದುರುಳನು ಅರ್ಜಿಯನ್ನು ಬರೆಯುವನೆ? ಪ್ರಾಣಭಯದಲ್ಲಿರುವ ಅಬಲೆಯು 10 ದಿನ ಕಾಯಬಲ್ಲಳೆ? ಈ ಪ್ರಶ್ನೆಗಳನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಆದರೆ ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಆ ದೇಶದಲ್ಲಿ ಕೋವಿಯಿಂದಾಗುವ ಮರಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆತ್ಮಹತ್ಯೆಗಳು. ಹೀಗಿರುವಲ್ಲಿ ಕಾಯುವ ನಿಯಮವು ಎಷ್ಟೋ ವೇಳೆ ಕಾಪಾಡುವುದು ಕೊಳ್ಳುವವನನ್ನೇ.

ವಾಲ್ಮೀಕಿಯ ಅರಣ್ಯಕಾಂಡದಲ್ಲಿ ಸೀತಾದೇವಿಯು ರಾಮನಿಗೆ ಒಂದು ಪೂರ್ವಕಥೆಯನ್ನು ಹೇಳುತ್ತಾಳೆ. ತಪಸ್ವಿಯೊಬ್ಬನ ಆಶ್ರಮಕ್ಕೆ ಇಂದ್ರನು ಯೋಧನ ವೇಷದಲ್ಲಿ ಬಂದು ಕತ್ತಿಯೊಂದನ್ನು ನ್ಯಾಸವಾಗಿ ಇಟ್ಟುಹೋದನು. ತಪಸ್ವಿಯು ಪ್ರಾಮಾಣಿಕ, ಪರರ ಸೊತ್ತು ಕಳೆಯಬಾರದೆಂದು ಹಣ್ಣುಹಂಪಲು ತರಲು ಹೋಗುವಾಗಲೂ ಅದನ್ನು ಬಿಡದೆ ಒಯ್ಯುತ್ತಿದ್ದನು. ದಿನಗಳೆದಂತೆ ಅವನ ಬುದ್ಧಿ ಕ್ರೂರವಾಯಿತು, ತಪಸ್ಸು ಕೆಟ್ಟಿತು, ಕಡೆಗೆ ನರಕವೇ ಗತಿಯಾಯಿತು. ಕತ್ತಿಯನ್ನು ಇಟ್ಟುಕೊಂಡಾಗ ಅವನು ಸಜ್ಜನನೇ ಆಗಿದ್ದನು. ಅಂದು ಯಾವ ಇಲಾಖೆಯು ಶೋಧಿಸಿದ್ದರೂ ಅವನಲ್ಲಿ ದೋಷ ಕಾಣುತ್ತಿರಲಿಲ್ಲ. ಮನುಷ್ಯನು ಆಯುಧವನ್ನು ಕಾಯುತ್ತಿರುವಾಗ ಆಯುಧವೂ ಮನುಷ್ಯನನ್ನು ತಿದ್ದುತ್ತಿರುವುದೆಂಬುದೇ ಆ ಕಥೆಯ ಮರ್ಮ.

ಕೋವಿಯನ್ನು ಅಂಗಡಿಯಲ್ಲಿ ಬಿಟ್ಟುಬಂದ ಗೃಹಸ್ಥನು ಮೊದಲೆರಡು ದಿನ ಸಿಡಿಮಿಡಿಗೊಂಡಾನು. ಮೂವತ್ತು ವರ್ಷದ ಸ್ನೇಹಕ್ಕೆ ಸರ್ಕಾರದ ಸಾಕ್ಷಿ ಬೇಕೆ ಎಂದು ಗೊಣಗಿಯಾನು. ಅಷ್ಟರಲ್ಲಿ ಮಗಳು ಬಂದು, "ಅಪ್ಪಾ, ಅದನ್ನು ಎಲ್ಲಿಡುತ್ತೀರಿ? ಮಗು ವಾರವಾರವೂ ಇಲ್ಲಿಗೆ ಬರುತ್ತದೆ" ಎಂದು ಕೇಳಿದರೆ? ಆ ಪ್ರಶ್ನೆ ಸರ್ಕಾರದ 30 ಪ್ರಶ್ನೆಗಳಿಗಿಂತ ಕಠಿನವಾದುದು. ಕೋವಿಯು ಆಗಲೇ ಗೋಡೆಯ ಮೇಲಿದ್ದರೆ ಅದು ಮನೆಯವರ ಜಗಳವಾಗುತ್ತಿತ್ತು. ಇನ್ನೂ ಅಂಗಡಿಯಲ್ಲಿರುವುದರಿಂದ ಆಲೋಚನೆಯಾಗುವುದು. ಹತ್ತನೆಯ ದಿನದೊಳಗೆ ಭದ್ರವಾದ ಕಬ್ಬಿಣದ ಪೆಟ್ಟಿಗೆಯೊಂದು ಮನೆಗೆ ಬಂದರೆ, ಅಥವಾ ಕೋವಿಯೇ ಬೇಡವೆಂಬ ನಿಶ್ಚಯವಾದರೆ, ಎರಡೂ ಆ ಬಿಡುವಿನ ಫಲವೇ.

ಶಾಸನವು ಹಿಡಿಯನ್ನು ಅಳೆಯಬಲ್ಲದು, ತೋಟೆಗಳನ್ನು ಎಣಿಸಬಲ್ಲದು, ಹಿಂದಿನ ನಡತೆಯನ್ನು ಕಡತದಲ್ಲಿ ಓದಬಲ್ಲದು. ಮುಂದಿನ ಮನಸ್ಸನ್ನು ಓದುವ ಶಕ್ತಿ ಅದಕ್ಕಿಲ್ಲ. ಆದುದರಿಂದಲೇ ಅದು ಹತ್ತು ದಿನಗಳ ಮಟ್ಟಿಗೆ ಆ ಕೆಲಸವನ್ನು ಕೊಳ್ಳುವವನಿಗೇ ಒಪ್ಪಿಸುತ್ತದೆ. ಹನ್ನೊಂದನೆಯ ದಿನದಿಂದ ಬೀಗದ ಕೈ ಅವನದು, ಪರೀಕ್ಷೆಯೂ ಅವನದೇ.