ಸೀಮೆಸುಣ್ಣದ ಗಾಯಗಳು

ವೃದ್ಧಾಪ್ಯದ ಹೊಸ್ತಿಲಲ್ಲಿ ಮನುಷ್ಯನಿಗೆ ಅಂಟಿಕೊಳ್ಳುವ ಹವ್ಯಾಸಗಳಲ್ಲಿ ಪುರಾಣಶ್ರವಣ, ಹೂದೋಟ, ಇಸ್ಪೀಟು, ಪರರ ಮಕ್ಕಳ ವಿವಾಹಚಿಂತೆ ಮೊದಲಾದುವು ಲೋಕಸಮ್ಮತವಾದುವು. ಆದರೆ ಕೋಳಿ ಕೂಗುವ ಹೊತ್ತಿಗೆ ಎದ್ದು, ಬೆಟ್ಟದ ಬುಡದ ಗರಡಿಗೆ ನಡೆದು, ನನ್ನ ಅರ್ಧದಷ್ಟು ವಯಸ್ಸಿನ ತರುಣನೊಬ್ಬನ ಕೈಗೆ ಮರದ ಚೂರಿಯನ್ನಿತ್ತು, “ಬಾರಪ್ಪ, ಇರಿ” ಎಂದು ಎದುರಿಗೆ ನಿಲ್ಲುವ ನನ್ನ ಹವ್ಯಾಸಕ್ಕೆ ಮಾತ್ರ ಪೆನುಕೊಂಡದಲ್ಲಿ ಇದುವರೆಗೆ ಯಾರ ಅನುಮೋದನೆಯೂ ದೊರೆತಿಲ್ಲ. “ಅಯ್ಯವಾರೇ, ಈ ವಯಸ್ನಾಗೆ ನಿಮ್ಮನ್ನ ಚುಚ್ಚಾಕೆ ಯಾರು ಬರ್ತಾರೆ?” ಎಂಬ ಪ್ರಶ್ನೆಯನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಕೇಳಿಸಿಕೊಂಡಿದ್ದೇನೆ. ಯಾರೂ ಬರುವುದಿಲ್ಲವೆಂದೇ ನನ್ನ ದೃಢವಾದ ನಂಬಿಕೆ. ಬರುವವನಿದ್ದಾನೆಂಬ ಭಯದಿಂದ ಕಲಿಯತಕ್ಕವನಿಗೆ ಈ ವಿದ್ಯೆಯ ಪ್ರಯೋಜನವು ದೊರೆತೀತೇ ಹೊರತು ಅದರ ರಸವು ದೊರೆಯಲಾರದು. ನಾನು ಹೋಗುವುದು ರಸಕ್ಕಾಗಿ.

ನಮ್ಮ ಗರಡಿಯಲ್ಲಿ ನೋಡತಕ್ಕ ವೈಭವವೇನೂ ಇಲ್ಲ. ತಗ್ಗಾದ ಬಾಗಿಲು, ಎಂಥ ದೊಡ್ಡ ಮನುಷ್ಯನೇ ಆಗಲಿ, ತಲೆ ಬಾಗಿಸಿಯೇ ಒಳಗೆ ಬರಬೇಕು. ಗೋಡೆಯ ಗೂಡಿನಲ್ಲಿ ಸಿಂಧೂರ ಬಳಿದ ಆಂಜನೇಯ. ಮೂಲೆಯಲ್ಲಿ ಕರ್ಲಾಕಟ್ಟೆ, ಗದೆ, ಕಲ್ಲುಗುಂಡು. ನಡುವೆ ಎಣ್ಣೆ, ಮಜ್ಜಿಗೆ, ಅರಿಸಿನಗಳನ್ನು ಕುಡಿದು ಕುಡಿದು ಮೆತ್ತಗಾದ ಕೆಮ್ಮಣ್ಣಿನ ಮಟ್ಟಿ. ಉಸ್ತಾದರು ಮನೆಯಲ್ಲಿ ದಖ್ಖನಿಯನ್ನೂ, ಬೀದಿಯಲ್ಲಿ ತೆಲುಗನ್ನೂ, ನನ್ನೊಡನೆ ಕನ್ನಡವನ್ನೂ ಆಡುತ್ತಾರೆ. ಬಾಬಯ್ಯನ ದರ್ಗಾದ ಗಂಧಕ್ಕೂ ಆಂಜನೇಯನ ಸಿಂಧೂರಕ್ಕೂ ಅವರ ಹಣೆಯ ಮೇಲೆ ಸಮಾನವಾದ ಸ್ಥಳವುಂಟು. ಪಾಠಕ್ಕೆ ಮೊದಲು ಅವರು ಮರದ ಚೂರಿಯ ಅಲಗಿಗೆ ಸೀಮೆಸುಣ್ಣವನ್ನು ಉಜ್ಜುತ್ತಾರೆ, ನಾವು ಕರಿಯ ಅಂಗಿಯನ್ನು ತೊಟ್ಟಿರುತ್ತೇವೆ. ವರಸೆ ಮುಗಿದ ಮೇಲೆ ಅಂಗಿಯ ಮೇಲೆ ಬಿದ್ದ ಬಿಳಿಯ ಗೆರೆಗಳೆಲ್ಲ ಗಾಯಗಳು, ಅವನ್ನು ಅವರು ಬೆರಳಿಟ್ಟು ತೋರಿಸುತ್ತ, “ಇದು ತೋಳು, ಹೋಗಲಿ, ಇದು ಪಕ್ಕೆ, ಆಸ್ಪತ್ರೆ, ಇದು ಕತ್ತು, ಅಯ್ಯವಾರು ಇಲ್ಲ” ಎಂದು ನಿರ್ವಿಕಾರವಾಗಿ ಓದುತ್ತಾರೆ. ಕರಿಹಲಗೆಯ ಮೇಲೆ ಬಹುಕಾಲ ನನ್ನ ಕೈಯಲ್ಲಿ ಸವೆದ ಸೀಮೆಸುಣ್ಣವು ಈಗ ನನ್ನ ಮೈಮೇಲೆಯೇ ಬರೆಯುತ್ತಿರುವುದರಲ್ಲಿ ಒಂದು ನ್ಯಾಯವಿದೆಯೆಂದು ನನ್ನ ಹಳೆಯ ಶಿಷ್ಯರು ಸಂತೋಷಪಡುತ್ತಾರಂತೆ.

ಈ ನೆಲಕ್ಕೆ ಇಂಥ ಸಾಧನೆ ಅಪರಿಚಿತವಾದುದಲ್ಲ. 1565ರಲ್ಲಿ ರಕ್ಕಸತಂಗಡಿಯ ರಣರಂಗದಲ್ಲಿ ವಿಜಯನಗರದ ಭಾಗ್ಯವು ಅಸ್ತಮಿಸಿದ ತರುವಾಯ, ತಿರುಮಲರಾಯನು ಸದಾಶಿವರಾಯನನ್ನೂ ಅಳಿದುಳಿದ ಭಂಡಾರವನ್ನೂ ತಂದು ರಾಜ್ಯವನ್ನು ಮತ್ತೆ ನೆಲೆಗೊಳಿಸಿದುದು, ಘನಗಿರಿಯೆಂದು ಸಂಸ್ಕೃತದಲ್ಲಿ ಹೆಸರಾದ ಈ ಬೆಟ್ಟದ ಆಶ್ರಯದಲ್ಲಿಯೇ. ರಾಜಧಾನಿಯೇ ಬಂದ ಮೇಲೆ ಜಟ್ಟಿಗಳೂ ಕತ್ತಿವರಸೆಯವರೂ ಹಿಂದೆ ಉಳಿದಾರೆಯೆ? ಅದಕ್ಕಿಂತ ಮುಂಚೆ, 1520ರ ಸುಮಾರಿಗೆ ಹಂಪೆಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಕೃಷ್ಣದೇವರಾಯನು ಸೂರ್ಯೋದಯಕ್ಕೆ ಮೊದಲೇ ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದನ್ನೇ ತಿಕ್ಕಿಸಿಕೊಂಡು, ಭಾರವನ್ನೆತ್ತಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವತನಕ ಕತ್ತಿಯನ್ನು ಬೀಸಿ, ಬಳಿಕ ತನ್ನ ಜಟ್ಟಿಯೊಬ್ಬನೊಡನೆ ಕುಸ್ತಿಯಾಡುತ್ತಿದ್ದನೆಂದು ಬರೆದಿದ್ದಾನೆ. ಅವನ ತರುವಾಯ ಬಂದ ನ್ಯೂನಿಜನು, ಹಬ್ಬದ ದಿನಗಳಲ್ಲಿ ಅರಸನೆದುರು ಸೆಣಸುವ ಮಲ್ಲರು ಕೈಯಲ್ಲಿ ಮೊನೆಗಳುಳ್ಳ ಬಳೆಗಳನ್ನು ಹಿಡಿದು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಿದ್ದರೆಂದು ಹೇಳುತ್ತಾನೆ. ಇಂದಿಗೂ ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯ ಬೆಳಿಗ್ಗೆ ತಲೆ ಬೋಳಿಸಿಕೊಂಡ ಜಟ್ಟಿಗಳು ವಜ್ರಮುಷ್ಟಿಯನ್ನು ತೊಟ್ಟು ಎದುರುಬದುರಾಗಿ, ಮೊದಲ ರಕ್ತಬಿಂದು ಕಂಡೊಡನೆ ಕಾಳಗವನ್ನು ನಿಲ್ಲಿಸುವುದುಂಟು. ಆ ‘ಒಡನೆ’ ಎಂಬುದರಲ್ಲಿರುವ ಸಂಯಮವು ನನಗೆ ಆ ಕಾಳಗಕ್ಕಿಂತ ಹೆಚ್ಚು ಮೆಚ್ಚಿಕೆಯಾದುದು.

ಆದರೆ ಚೂರಿಯೆದುರು ಬರಿಗೈಯಲ್ಲಿ ಸಿಕ್ಕಿಬಿದ್ದವರ ಕಥೆಗಳಲ್ಲಿ ಇಮ್ಮಡಿ ದೇವರಾಯನದಕ್ಕೆ ಸಮನಾದುದನ್ನು ನಾನು ಓದಿಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸೀಕ ರಾಯಭಾರಿ ಅಬ್ದುಲ್ ರಜಾಕನು ಬರೆದಿರುವಂತೆ, ಅವನು ಇನ್ನೂ ಕಲ್ಲಿಕೋಟೆಯಲ್ಲಿದ್ದಾಗಲೇ ಅರಸನ ಸಹೋದರನೊಬ್ಬನು ಹೊಸಮನೆಯ ಔತಣದ ನೆಪದಲ್ಲಿ ಪ್ರಧಾನರನ್ನು ಕರೆಸಿ ಒಬ್ಬೊಬ್ಬರನ್ನಾಗಿ ಕೊಲ್ಲಿಸಿ, ನೆಟ್ಟಗೆ ಅರಸನಿದ್ದಲ್ಲಿಗೆ ಬಂದು ಕಠಾರಿಯಿಂದ ಹಲವು ಸಲ ಇರಿದನು. ದೇವರಾಯನು ಪೀಠದ ಹಿಂದೆ ಉರುಳಿದನು. ಸತ್ತನೆಂದೇ ಬಗೆದು, ಶಿರಸ್ಸನ್ನು ಕತ್ತರಿಸಲು ಆಳೊಬ್ಬನನ್ನು ಬಿಟ್ಟು ದ್ರೋಹಿಯು ಹೊರಗೆ ಹೋದನು. ಆಳು ಸಮೀಪಿಸುತ್ತಲೇ, ನೆತ್ತರು ಸುರಿಯುತ್ತಿದ್ದ ಅರಸನು ತಾನು ಮರೆಹೊಕ್ಕಿದ್ದ ಪೀಠವನ್ನೇ ಎತ್ತಿ ಅವನೆದೆಗೆ ಅಪ್ಪಳಿಸಿ ಕೆಡವಿದನಂತೆ. ಈ ಕಥೆಯನ್ನು ಹೇಳಿದಾಗ ಉಸ್ತಾದರು ಬಹಳ ಹೊತ್ತು ಸುಮ್ಮನಿದ್ದು, “ಚೂರಿಗೆ ಕೈ ಹಾಕಲಿಲ್ಲ ನೋಡಿ. ಕಲಿತವನು” ಎಂದರು. ದೇವರಾಯನ ವಿಷಯದಲ್ಲಿ ಇತಿಹಾಸಕಾರರು ಮಾಡಿರುವ ಪ್ರಶಂಸೆಗಳಲ್ಲಿ ಇದಕ್ಕಿಂತ ತೂಕವಾದುದು ನನಗೆ ಗೊತ್ತಿಲ್ಲ.

ಚೂರಿಯನ್ನು ಕಸಿಯುವುದೇ ಈ ವಿದ್ಯೆಯ ಸಾರವೆಂಬ ಭ್ರಾಂತಿಯನ್ನು ಚಲನಚಿತ್ರಗಳು ಬೆಳೆಸಿವೆ. ಅಲ್ಲಿ ದುಷ್ಟನು ಕೈಯನ್ನು ಆಕಾಶಕ್ಕೆತ್ತಿ, ಗುರಿಯನ್ನು ಸಾವಧಾನವಾಗಿ ತಿಳಿಯಪಡಿಸಿ, ಒಂದೇ ಒಂದು ಸಲ ಇರಿದು, ನಾಯಕನು ಮಣಿಕಟ್ಟನ್ನು ತಿರುಚುವತನಕ ಆ ಕೈಯನ್ನು ಅಲ್ಲಿಯೇ ಬಿಟ್ಟಿರುತ್ತಾನೆ. ನಿಜವಾದ ದುಷ್ಟನಿಗೆ ಇಷ್ಟು ಸೌಜನ್ಯವಿಲ್ಲ. ಅವನು ಎಡಗೈಯಿಂದ ಅಂಗಿಯನ್ನೋ ಕೊರಳನ್ನೋ ಹಿಡಿದು, ಬಲಗೈಯನ್ನು ಸೊಂಟದ ಮಟ್ಟದಲ್ಲಿಯೇ ಇಟ್ಟುಕೊಂಡು, ಮೊಟಕಾಗಿ, ವೇಗವಾಗಿ, ಎಣಿಸುವುದಕ್ಕೆ ಎಡೆಗೊಡದಂತೆ ಚುಚ್ಚುತ್ತಲೇ ಹೋಗುತ್ತಾನೆ. ನಮ್ಮ ಗರಡಿಯ ತರುಣನೂ ಹಾಗೆಯೇ ಚುಚ್ಚುತ್ತಾನೆ. ಆದುದರಿಂದಲೇ ಉಸ್ತಾದರಿಗೂ ಗೆರೆ ಬೀಳದ ದಿನವೆಂಬುದಿಲ್ಲ. ಗಾಯವಾಗಿಯೇ ಆಗುವುದೆಂದು ಒಪ್ಪಿಕೊಂಡು, ಅದನ್ನು ಎಲ್ಲಿ ಆಗಗೊಡಬೇಕೆಂಬುದನ್ನು ಮಾತ್ರ ಆರಿಸಿಕೊಳ್ಳುವುದು ಮೊದಲನೆಯ ಪಾಠ. ಮುಂಗೈಗಳನ್ನು ಮುಂದೊಡ್ಡುವಾಗ ಅವುಗಳ ಹೊರಮೈ ಎದುರಾಳಿಯ ಕಡೆಗಿರಬೇಕು. ಒಳಮೈಯಲ್ಲಿ ರಕ್ತನಾಳಗಳು ಹರಿಯುತ್ತವೆ. ಸುಶ್ರುತನು ಎಣಿಸಿರುವ 107 ಮರ್ಮಗಳಲ್ಲಿ ಮಣಿಬಂಧವೂ ಒಂದೆಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆನಾದರೂ, ಅದು ನನ್ನ ಮಣಿಬಂಧವೂ ಹೌದೆಂಬುದು ಮನದಟ್ಟಾದುದು ಮಟ್ಟಿಯಲ್ಲಿ.

ಎರಡನೆಯದು ಹೆಜ್ಜೆ. ನನ್ನ ಸುಖವೆಲ್ಲ ಇರುವುದು ಇದರಲ್ಲಿಯೇ. ಚೂರಿಯ ಮೊನೆಯಿಂದ ನಮ್ಮೆದೆಗೆ ಎಳೆದ ರೇಖೆಯೊಂದನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡು, ಹಿಂದಕ್ಕೆ ಸರಿಯದೆ, ಏಕೆಂದರೆ ಹಿಂದಕ್ಕೆ ನಡೆಯುವವನಿಗಿಂತ ಮುಂದಕ್ಕೆ ಓಡುವವನು ಯಾವಾಗಲೂ ಶೀಘ್ರಗಾಮಿ, ಓರೆಯಾಗಿ, ಆ ಕೈಯ ಹೊರಮಗ್ಗುಲಿಗೆ ಜಾರಿಕೊಳ್ಳಬೇಕು. ಅರ್ಧ ಗೇಣು ಮುಂಚೆ ಜಾರಿದರೆ ಮೊನೆಯು ದಿಕ್ಕು ಬದಲಿಸಿ ಹಿಂಬಾಲಿಸುತ್ತದೆ. ಕ್ಷಣಾರ್ಧ ತಡವಾದರೆ ಪಕ್ಕೆಯ ಮೇಲೆ ಸೀಮೆಸುಣ್ಣ. ಇವೆರಡರ ನಡುವಣ ಆ ಕೂದಲೆಳೆಯಷ್ಟು ಅವಕಾಶದಲ್ಲಿ ದೇಹವು ತಾನಾಗಿಯೇ ತಿರುಗಿ, ಕೈಯು ತನ್ನ ಪಕ್ಕದಿಂದ ಹಾದುಹೋಗುವುದನ್ನು ಕಣ್ಣು ನೋಡಿದಾಗ ಉಂಟಾಗುವ ಆನಂದವನ್ನು, ಮೃದಂಗದವನು ಸಮಕ್ಕೆ ಬಂದು ಕೂತ ಕ್ಷಣದ ಆನಂದಕ್ಕೆ ಮಾತ್ರ ಹೋಲಿಸಬಲ್ಲೆ. ಆಮೇಲಿನದು ರಸವಿಲ್ಲದ ಕೆಲಸ: ಚೂರಿಯ ಕೈಯನ್ನು ಎರಡು ಕೈಗಳಿಂದಲೂ ತಬ್ಬಿ ಎದೆಗೆ ಬಿಗಿದುಕೊಂಡು, ಪ್ರಾಣ ಹೋದರೂ ಬಿಡದೆ, ಅವನನ್ನು ಗೋಡೆಗೋ ನೆಲಕ್ಕೋ ಒತ್ತುವುದು.

ದೂರದ ವಿಷಯದಲ್ಲಿ ಒಂದು ಪ್ರಾಸಂಗಿಕವಾದ ಮಾತು. ಕಾಸರಗೋಡಿನಿಂದ ತೆಂಕಣಕ್ಕೆ ಮಲಬಾರಿನ ಸಾಂಪ್ರದಾಯಿಕ ಕಳರಿಗಳ ಅಳತೆ 42 ಅಡಿ ಉದ್ದ, 21 ಅಡಿ ಅಗಲ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಶಿಕ್ಷಕ ಡೆನ್ನಿಸ್ ಟುಲ್ಲರ್ 1983ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಚೂರಿ ಹಿಡಿದವನು 21 ಅಡಿಗಳನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಿಬಿಡುತ್ತಾನೆ, ಪೊಲೀಸನು ಪಿಸ್ತೂಲನ್ನು ಒರೆಯಿಂದ ತೆಗೆದು ಹಾರಿಸುವುದಕ್ಕೂ ಅಷ್ಟೇ ಹೊತ್ತು ಬೇಕೆಂದು ತೋರಿಸಿದನು. ಎರಡು ಅಂಕಿಗಳೂ ಒಂದೇ ಆದುದು ಕಾಕತಾಳೀಯವೇ ಇರಬೇಕು. ಆದರೂ ಕಳರಿಯ ಅಗಲವನ್ನು ನೋಡುವಾಗಲೆಲ್ಲ ನನಗೆ ಆ ಒಂದೂವರೆ ಸೆಕೆಂಡು ನೆನಪಾಗುತ್ತದೆ. ಕಳರಿಯ ಕ್ರಮದಲ್ಲಿ ಇನ್ನೊಂದು ವಿವೇಕವುಂಟು. ಮೈತ್ತಾರಿಯಲ್ಲಿ ದೇಹವನ್ನು ಪಳಗಿಸಿ, ಕೋಲ್ತಾರಿಯಲ್ಲಿ ಕೋಲನ್ನೂ ಅಂಗತ್ತಾರಿಯಲ್ಲಿ ಲೋಹದ ಆಯುಧಗಳನ್ನೂ ಕಲಿಸಿ, ಕಟ್ಟಕಡೆಗೆ ವೆರುಂಕೈ, ಎಂದರೆ ಬರಿಗೈಯನ್ನು ಕಲಿಸುತ್ತಾರೆ. ಚೂರಿಯನ್ನು ಹಿಡಿದು ಬಲ್ಲವನಿಗಲ್ಲದೆ ಚೂರಿಯ ಬುದ್ಧಿ ತಿಳಿಯದು. ಟೋಕಿಯೊದ ಕೊಡೊಕಾನ್ ಜೂಡೊ ಸಂಸ್ಥೆಯು 1956ರಲ್ಲಿ ರೂಪಿಸಿದ ಆತ್ಮರಕ್ಷಣೆಯ 21 ಪಟ್ಟುಗಳಲ್ಲಿ ಚೂರಿಗೆ ಮೀಸಲಾದುವು ಮೂರೇ. ವಾರವೊಂದರಲ್ಲಿ ಮೂವತ್ತು ಪಟ್ಟುಗಳನ್ನು ಕಲಿಸುತ್ತೇವೆಂದು ಗೋಡೆಗಳ ಮೇಲೆ ಅಂಟಿಸುವ ಜಾಹೀರಾತುಗಳನ್ನು ಕಂಡಾಗ, ಈ ಮೂರರ ಮಿತವ್ಯಯಕ್ಕೆ ನಾನು ಮನಸ್ಸಿನಲ್ಲಿಯೇ ಕೈಮುಗಿಯುತ್ತೇನೆ.

ನಮ್ಮ ಸೀಮೆಯದೇ ಆದ ರಕ್ಷೆಯೊಂದನ್ನು ಹೇಳದಿದ್ದರೆ ಕೃತಘ್ನತೆಯಾದೀತು. ಕುರುಬರ ಕಂಬಳಿಯನ್ನು ಎಡಮುಂಗೈಗೆ ಎರಡು ಸುತ್ತು ಸುತ್ತಿ, ಚುಂಗನ್ನು ಇಳಿಬಿಟ್ಟು ಬೀಸುತ್ತಿದ್ದರೆ, ಒರಟಾದ ಆ ಉಣ್ಣೆಯಲ್ಲಿ ಅಲಗು ತೊಡರುತ್ತದೆ, ಎದುರಾಳಿಯ ಕಣ್ಣು ಕೆಡುತ್ತದೆ. ಅರ್ಜೆಂಟೀನದ ಹುಲ್ಲುಗಾವಲಿನ ದನಗಾಹಿಗಳಾದ ಗಾಚೊಗಳು ಚೂರಿಕಾಳಗದಲ್ಲಿ ತಮ್ಮ ಪೊಂಚೊ ಎಂಬ ಹೊದಿಕೆಯನ್ನು ಇದೇ ರೀತಿ ಎಡಗೈಗೆ ಸುತ್ತಿಕೊಳ್ಳುತ್ತಿದ್ದರು; ಮಂದೆ ಕಾಯುವವರ ಬುದ್ಧಿ ಸಮುದ್ರಗಳಾಚೆಯೂ ಒಂದೇ ದಾರಿಯಲ್ಲಿ ಹರಿದಿರುವುದು ಸೋಜಿಗವಲ್ಲವೆ? ಕಂಬಳಿಯಿಲ್ಲದವನಿಗೆ ಹೆಗಲ ಮೇಲಿನ ವಲ್ಲಿಯುಂಟು, ಕೈಚೀಲವುಂಟು, ದೇವರಾಯನಿಗೊದಗಿದಂತೆ ಕುರ್ಚಿಯುಂಟು.

ಎಲ್ಲಕ್ಕಿಂತ ಮಿಗಿಲಾದ ಪಟ್ಟು ಓಟವೆಂಬುದು ನಮ್ಮ ಉಸ್ತಾದರ ಸಿದ್ಧಾಂತ. ಪ್ರತಿದಿನದ ಪಾಠವು ಗರಡಿಯಿಂದ ಬೆಟ್ಟದ ದಾರಿಯಲ್ಲಿ ಕೋಟೆಯ ಗೋಡೆಯತನಕ ಓಡುವುದರಿಂದಲೇ ಮುಗಿಯುತ್ತದೆ; ಹಣ ಕೇಳಿದರೆ ಹಣವನ್ನು ಎಸೆದು ಓಡು, ದಾರಿಯಿದ್ದರೆ ದಾರಿ ಹಿಡಿದು ಓಡು, ಎರಡೂ ಸಾಗದ ಕಡೆ ಮಾತ್ರ ಗರಡಿಯನ್ನು ನೆನೆ, ಎನ್ನುತ್ತಾರೆ. ಈ ವಿದ್ಯೆಯಲ್ಲಿ ಆಸಕ್ತಿಯುಳ್ಳ ವಾಚಕರಿದ್ದರೆ ಅವರಲ್ಲಿ ನನ್ನ ವಿನಂತಿಯಿಷ್ಟೆ: ಈ ಪ್ರಬಂಧವನ್ನಾಗಲಿ ಬೇರೆ ಯಾವ ಪುಸ್ತಕವನ್ನಾಗಲಿ ಓದಿ ಅಭ್ಯಾಸಕ್ಕೆ ತೊಡಗಬೇಡಿ, ಸಿಟ್ಟಿಲ್ಲದ ಗುರುವೊಬ್ಬರನ್ನೂ ನಂಬಿಕೆಯ ಜೊತೆಗಾರನೊಬ್ಬನನ್ನೂ ಮೊದಲು ಹುಡುಕಿಕೊಳ್ಳಿ, ಮತ್ತು ಮರದ ಚೂರಿಯ ಮೊನೆಯನ್ನು ಚೆನ್ನಾಗಿ ಉಜ್ಜಿ ಮೊಂಡು ಮಾಡಿಕೊಳ್ಳಿ.